ಮೊದಲು ಜೊತೆ, ಆಮೇಲೆ ಕಲಿಕೆ: ಮರದ ಫ್ಲೂಟಿನಲ್ಲಿ ನನ್ನ ಅನುಭವ

ಐದಾರು ಸ್ವರ ಬಂದ ತಕ್ಷಣ ಇನ್ನೊಬ್ಬರ ಜೊತೆ ಕೂತು ನುಡಿಸಬೇಕು ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಒಂದೆರಡು ವರ್ಷ ಒಬ್ಬರೇ ಸಾಧನೆ ಮಾಡಿ, ನಾದ ಕೂರಲಿ, ಗುಂಪಿನ ಮಾತು ಆಮೇಲೆ ಅಂದರು. ಬೆಳ್ಳಿ ಫ್ಲೂಟ್ ನುಡಿಸುವವರೊಬ್ಬರಂತೂ ಮರದ್ದೇ ಬೇಡ ಅಂದುಬಿಟ್ಟರು. ಈಗ ನಾವು ಆರು ಜನ ವಾರಕ್ಕೊಮ್ಮೆ ತಪ್ಪದೆ ಕೂರುತ್ತೇವೆ. ಮೂವತ್ತು ಚಿಲ್ಲರೆ ಟ್ಯೂನ್ ಕೈಯಲ್ಲಿವೆ. ಅವತ್ತು ಬೇಡ ಅಂದವರಲ್ಲಿ ಇಬ್ಬರು ಈಗ ನಮ್ಮ ಜೊತೆಗೇ ಕೂರುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಾನು ಹೇಳುತ್ತಿರುವುದು ಆರು ತೂತಿನ, ಡಿ ಶ್ರುತಿಯ, ಒಳಗಿನ ಕೊಳವೆ ತುದಿಯ ಕಡೆಗೆ ಕಿರಿದಾಗುತ್ತ ಹೋಗುವ ಹಳೆಯ ಮಾದರಿಯ ಬಗ್ಗೆ. 1847ರಲ್ಲಿ ಜರ್ಮನಿಯ ಫ್ಲೂಟ್ ತಯಾರಕ ಥಿಯೊಬಾಲ್ಡ್ ಬೋಮ್, ತಲೆಭಾಗ ಬಿಟ್ಟರೆ ಉದ್ದಕ್ಕೂ ಒಂದೇ ಅಳತೆಯ ಕೊಳವೆ ಇರುವ ಲೋಹದ ಫ್ಲೂಟ್ ತಂದ ಮೇಲೆ ಆರ್ಕೆಸ್ಟ್ರಾದವರು ನಿಧಾನವಾಗಿ ಅತ್ತ ಹೋದರು. ಐರಿಷ್ ಸಂಗೀತದವರು ಮಾತ್ರ ಹಳೆಯದನ್ನು ಇವತ್ತಿಗೂ ಬಿಟ್ಟಿಲ್ಲ. ಇದು ಕೈಯಲ್ಲಿರುವವರಿಗೆ ಇದೆಲ್ಲ ಗೊತ್ತೇ ಇದೆ, ಮುಂದೆ ಹೋಗೋಣ.

ಮೊದಲು ದುಡ್ಡಿನ ಮಾತು. ಆಫ್ರಿಕನ್ ಬ್ಲ್ಯಾಕ್‌ವುಡ್ ಅನ್ನುವ ಗಟ್ಟಿ ಮರದಲ್ಲಿ ಮಾಡಿದ, ಕೀಲಿ (ಹೆಚ್ಚಿನ ತೂತುಗಳನ್ನು ಮುಚ್ಚಿ ತೆರೆಯುವ ಲೋಹದ ಸನ್ನೆ) ಇಲ್ಲದ ಒಳ್ಳೆಯ ಫ್ಲೂಟ್ ಒಂದರ ದುಡ್ಡಿಗೆ ಡೆಲ್ರಿನ್ ಪ್ಲಾಸ್ಟಿಕ್ಕಿನದು ಹೆಚ್ಚುಕಡಿಮೆ ಎರಡು ಬರುತ್ತವೆ. ಮರದಲ್ಲೇ ಕೀಲಿಗಳೂ ಬೇಕೆಂದರೆ ಸುಮಾರು ಮೂರು ಪಟ್ಟು. ಅದರ ಮೇಲೆ ಒಳ್ಳೆಯ ತಯಾರಕರ ಬಳಿ ತಿಂಗಳುಗಟ್ಟಲೆ, ಕೆಲವರ ಬಳಿ ವರ್ಷಗಟ್ಟಲೆ ಕಾಯಬೇಕು. ನನಗೆ ಅಗ್ಗಕ್ಕೆ ಸಿಕ್ಕಿದ್ದು ಹತ್ತೊಂಬತ್ತನೇ ಶತಮಾನದ ಜರ್ಮನ್ ಮಾಲು. ತಯಾರಕರ ಹೆಸರಿಲ್ಲ, ಎಂಟು ಕೀಲಿ, ತಲೆಭಾಗದ ಒಳಗೆ ಲೋಹದ ಕೊಳವೆ. ಇಂಥದ್ದರ ಕತೆ ಹೀಗೆ: ಮರ ಒಣಗಿ ಕುಗ್ಗುತ್ತದೆ, ಒಳಗಿನ ಲೋಹ ಕುಗ್ಗುವುದಿಲ್ಲ, ಕೊನೆಗೆ ಮರವೇ ಸೀಳುತ್ತದೆ. ನನ್ನದು ಊದುವ ತೂತಿನ ಅಂಚಿನವರೆಗೂ ಸೀಳಿತು. ಒಬ್ಬರು ಸೂಪರ್‌ಗ್ಲೂ ತುಂಬಿಕೊಟ್ಟರು, ಒಂದೆರಡು ತಿಂಗಳು ಬಾಳಿತು. ಇನ್ನೊಬ್ಬರು ಪೂರ್ತಿ ಸರಿಮಾಡಲು ಕೇಳಿದ ದುಡ್ಡಿಗೆ ಹೊಸ ಡೆಲ್ರಿನ್ ಬರುತ್ತಿತ್ತು. ಸೀಳು ಸರಿಹೋದರೂ ಈಗ ಎಲ್ಲರೂ ಶ್ರುತಿ ಹೊಂದಿಸಿಕೊಳ್ಳುವ ಎ 440ಕ್ಕೆ ಅದು ಕೂರುವುದಿಲ್ಲ ಅಂತ ಶ್ರುತಿ ಅಳೆಯುವ ಟ್ಯೂನರ್ ಹೇಳುತ್ತಲೇ ಇತ್ತು. ಒಬ್ಬರೇ ನುಡಿಸುವುದಾದರೆ ಪರವಾಗಿಲ್ಲ, ಜೊತೆಗೆ ನುಡಿಸಬೇಕೆಂದರೆ ಅಲ್ಲಿಗೇ ಮುಗಿಯಿತು. ಡೆಲ್ರಿನ್ ತಂದೆ. ಅದರಲ್ಲೇ ಕಲಿತೆ. ಮರದ್ದು ಆಮೇಲೆ ಬಂತು.

ಹಳೆಯದನ್ನು ಹೊರದೇಶದಿಂದ ತರಿಸುವವರಿಗೆ ಒಂದು ಮಾತು. ಬ್ಲ್ಯಾಕ್‌ವುಡ್ ಡಾಲ್ಬರ್ಜಿಯಾ ಕುಲದ ಮರ. 2017ರ ಜನವರಿಯಲ್ಲಿ ಆ ಇಡೀ ಕುಲ ಸೈಟಿಸ್, ಅಂದರೆ ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿ ಗಡಿ ದಾಟಿಸುವುದು ಕಷ್ಟವಾಗಿತ್ತು. ಪೂರ್ತಿ ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರ್ ಕೊನೆಯಿಂದ ವಿನಾಯಿತಿ ಸಿಕ್ಕಿದೆ. ಆದರೆ ಆನೆದಂತದ ಉಂಗುರವಿದ್ದರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಇನ್ನು ಲೀಕ್. ಕೆಳಗಿನ ಡಿ (ಆರೂ ತೂತು ಮುಚ್ಚಿದಾಗ ಬರುವ ಸ್ವರ) ಬರುತ್ತಿಲ್ಲ ಅನ್ನುವವರಲ್ಲಿ ಅರ್ಧಕ್ಕರ್ಧ ಜನರಿಗೆ ತುಟಿಯಲ್ಲಿ ತೊಂದರೆ ಇರುವುದೇ ಇಲ್ಲ, ಗಾಳಿ ಎಲ್ಲೋ ಸೋರುತ್ತಿರುತ್ತದೆ. ತಲೆಭಾಗ ತೆಗೆದಿಟ್ಟು, ಕೆಳತುದಿಯನ್ನು ಬಿರಡೆಯಿಂದ ಮುಚ್ಚಿ, ಆರೂ ತೂತಿನ ಮೇಲೆ ಬೆರಳಿಟ್ಟು, ಮೇಲಿನಿಂದ ಗಾಳಿ ಎಳೆದು ನೋಡಿ. ತುಟಿಗೆ ಕಚ್ಚಿಕೊಂಡು ಕೆಲವು ಸೆಕೆಂಡ್ ನಿಲ್ಲಬೇಕು. ಸರ್ರನೆ ಬಿಟ್ಟುಹೋದರೆ ಒಂದೊಂದೇ ಜಾಯಿಂಟ್ ಬಿಚ್ಚಿ ಹೀಗೇ ಹುಡುಕಬೇಕು. ನನಗೆ ಸಿಕ್ಕ ಲೀಕುಗಳಲ್ಲಿ ಹೆಚ್ಚಿನವು ಜಾಯಿಂಟಿನ ಕಾರ್ಕಿನಲ್ಲಿ, ಒಂದು ತಲೆಭಾಗದ ಬಿರಡೆಯಲ್ಲಿ, ಒಂದು ಬಲಗೈ ಉಂಗುರದ ಬೆರಳಿನ ಕೆಳಗೆ. ಆ ಬೆರಳನ್ನು ತುದಿಯಲ್ಲಿ ಒತ್ತುವುದು ಬಿಟ್ಟು ನಡುಗೆಣ್ಣಿನ ಹತ್ತಿರದ ಮಾಂಸದಲ್ಲಿ ಚಪ್ಪಟೆಯಾಗಿ ಇಟ್ಟ ದಿನವೇ ಡಿ ಗಟ್ಟಿಯಾಯಿತು. ಅಲ್ಲಿಯವರೆಗೆ ತಿಂಗಳುಗಟ್ಟಲೆ ತುಟಿಯ ಕಸರತ್ತು ಮಾಡಿಸಿದ ಪಾಠಗಳಿಗೆ ನಾನು ಕೊಟ್ಟ ಫೀಸಿನಲ್ಲಿ ಇನ್ನೊಂದು ವಾದ್ಯದ ಅರ್ಧ ಬೆಲೆ ಹುಟ್ಟುತ್ತಿತ್ತು.

ಕಾರ್ಕಿಗೆ ಬದಲು ದಾರ ಸುತ್ತುವ ಪ್ರಯೋಗವೂ ಮಾಡಿದೆ. ಹತ್ತಿ ದಾರಕ್ಕೆ ಜೇನುಮೇಣ ಸವರಿ ಸುತ್ತಿದರೆ ಕೈಯಲ್ಲೇ ಬೇಕಾದ ಹಾಗೆ ಬಿಗಿ ಮಾಡಬಹುದು, ಮಳೆಗಾಲದಲ್ಲಿ ಒಂದೆರಡು ಸುತ್ತು ಬಿಚ್ಚಬಹುದು. ನನಗೆ ಇದೇ ಇಷ್ಟ. ಆದರೆ ಎಳೆದೆಳೆದು ಸುತ್ತಬೇಡಿ. ಬಿಗಿ ದಾರ ವರ್ಷಗಳಲ್ಲಿ ಮರವನ್ನೇ ಅಮುಕಿ ಒಳಗಿನ ಅಳತೆ ಕೆಡಿಸುತ್ತದೆ. ಮೊದಲ ಸುತ್ತು ಎಲ್ಲಿಂದ ಶುರು ಮಾಡಿದರೆ ದಾರ ಜಾರುವುದಿಲ್ಲ ಅನ್ನುವುದನ್ನು ನಾನು ಎದುರಿಗೆ ಕೂತವರಿಗೆ ಮಾತ್ರ ತೋರಿಸುತ್ತೇನೆ. ಅದನ್ನು ಕಂಡುಕೊಳ್ಳಲು ನನಗೆ ಬಹಳ ದಾರ ಖರ್ಚಾಗಿದೆ.

ಈಗ ಜೊತೆಗಾರರ ವಿಷಯ. ನಿಜವಾದ ಕಷ್ಟ ಇದ್ದದ್ದು ಇಲ್ಲಿ.

ಮೊದಲ ಸಲ "ಫ್ಲೂಟ್ ಪ್ರಿಯರು ಬನ್ನಿ" ಅಂತ ಚೀಟಿ ಹಚ್ಚಿದೆ. ಬಂದವರು ಹದಿನೈದು ಇಪ್ಪತ್ತು ಜನ ಇದ್ದರೇನೋ. ಕೇಳಲು ಬಂದವರು, ಮಕ್ಕಳಿಗೆ ಪಾಠ ಇದೆಯಾ ಅಂತ ವಿಚಾರಿಸಲು ಬಂದವರು, ವಾದ್ಯ ಮಾರಲು ಬಂದವರು. ಎರಡನೇ ವಾರಕ್ಕೆ ಅರ್ಧ, ತಿಂಗಳಿಗೆ ಯಾರೂ ಇಲ್ಲ. ಆಮೇಲೆ ಬಾಡಿಗೆಗೆ ಕೋಣೆ ಹಿಡಿದು ತಲೆಗಿಷ್ಟು ಅಂತ ಹಂಚಿದೆವು. ಒಬ್ಬರು ಬಾರದ ದಿನ ಉಳಿದವರ ಪಾಲು ಜಾಸ್ತಿಯಾಗುತ್ತಿತ್ತು. ಮಾತು ಸಂಗೀತ ಬಿಟ್ಟು ಲೆಕ್ಕಕ್ಕೆ ತಿರುಗಿತು, ಅದೂ ನಿಂತಿತು.

ಕೆಲಸ ಮಾಡಿದ್ದು ಮೂರನೆಯದು. ಚೀಟಿಯಲ್ಲಿ ಹೀಗಷ್ಟೇ ಬರೆದೆ: ಡಿ ಶ್ರುತಿ, ನಾಲ್ಕು ಟ್ಯೂನ್, ತೀರಾ ನಿಧಾನ, ಗುರುವಾರ ಸಂಜೆ ಒಂದೇ ಗಂಟೆ, ಫೀಸಿಲ್ಲ. ನಾಲ್ಕು ಟ್ಯೂನಿನ ಹೆಸರನ್ನೂ ಹಾಕಿದೆ. ಇದನ್ನು ಹಚ್ಚಿದ್ದು ವಾದ್ಯ ರಿಪೇರಿಯವರ ಹತ್ತಿರ ಮತ್ತು ಗ್ರಂಥಾಲಯದಲ್ಲಿ. ಯಾರ ಮನೆಯಲ್ಲಿ ಫ್ಲೂಟ್ ಇದೆ, ಯಾರು ನುಡಿಸುವುದು ಬಿಟ್ಟಿದ್ದಾರೆ, ಯಾರು ಮತ್ತೆ ಕೀಲಿಗಳ ಕೆಳಗಿನ ಪ್ಯಾಡ್ ಹಾಕಿಸಲು ತಂದಿದ್ದಾರೆ ಅನ್ನುವುದು ರಿಪೇರಿಯವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬಂದವರು ಮೂವರೇ. ಆದರೆ ಮೂವರೂ ಮರುವಾರ ಬಂದರು.

ಇನ್ನೊಂದು ಪಾಠ ಕಲಿತದ್ದು ಇಲ್ಲೇ: ಮರದ ಫ್ಲೂಟಿನವರನ್ನೇ ಹುಡುಕುತ್ತ ಕೂತರೆ ಸಿಗುವುದು ಕಷ್ಟ. ಡಿ ಟಿನ್ ವಿಷಲ್ (ಆರು ತೂತಿನ, ಸೀಟಿಯ ಹಾಗೆ ಊದುವ ಪುಟ್ಟ ಕೊಳಲು) ಇದೆಯಲ್ಲ, ಅದರ ಬೆರಳು ಹಿಡಿತ ನಮ್ಮದೇ, ನಾದ ಒಂದು ಸ್ಥಾಯಿ ಮೇಲೆ, ಬೆಲೆ ಫ್ಲೂಟಿನ ಚೀಲದಷ್ಟೂ ಇಲ್ಲ. ಆಸಕ್ತಿ ಇದ್ದ ಇಬ್ಬರಿಗೆ ನಾನೇ ಒಂದೊಂದು ಕೊಡಿಸಿದೆ. ಒಬ್ಬರು ಬಿಟ್ಟರು. ಇನ್ನೊಬ್ಬರು ಒಂದು ವರ್ಷದೊಳಗೆ ಫ್ಲೂಟಿಗೆ ಬಂದರು, ಈಗ ವೇಗದಲ್ಲಿ ನನ್ನನ್ನೂ ಮೀರಿಸುತ್ತಾರೆ. ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಇಷ್ಟು ಫಲ ಕೊಟ್ಟದ್ದು ಬೇರೆ ಇಲ್ಲ.

ಬಾನ್ಸುರಿ, ಅಂದರೆ ಹಿಂದೂಸ್ತಾನಿಯ ಬಿದಿರು ಕೊಳಲು ನುಡಿಸುವವರನ್ನೂ ಬಿಡಬೇಡಿ. ಆದರೆ ಶ್ರುತಿಯ ಲೆಕ್ಕ ಮೊದಲೇ ಮಾತಾಡಿಕೊಳ್ಳಿ. ನಾವು ಫ್ಲೂಟಿಗೆ ಆರೂ ತೂತು ಮುಚ್ಚಿದಾಗ ಬರುವ ಸ್ವರದ ಹೆಸರಿಡುತ್ತೇವೆ. ಅವರು ಮೇಲಿನ ಮೂರು ಮುಚ್ಚಿದಾಗ ಬರುವ ಷಡ್ಜದ ಹೆಸರಿಡುತ್ತಾರೆ. ಹಾಗಾಗಿ ನಮ್ಮ ಡಿ ಅಂದರೆ ಅವರ ಜಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ 5. ನಮ್ಮ ಬಳಿ ಬಂದವರು ಡಿ ಅಂತ ಕೇಳಿ ಡಿ ಬಾನ್ಸುರಿಯನ್ನೇ ಆಸೆಯಿಂದ ಕೊಂಡು ತಂದರು, ಒಂದು ಸ್ವರವೂ ಕೂಡಲಿಲ್ಲ. ಜಿ ತಂದ ಮೇಲೆ ಚೆನ್ನಾಗಿ ಕೂಡಿತು, ಒಂದು ಜಾಗ ಬಿಟ್ಟು. ಸಿ ನ್ಯಾಚುರಲ್‌ಗೆ ನಾವು ಮೊದಲ ತೂತು ತೆರೆದು ಎರಡು ಮೂರು ಮುಚ್ಚುತ್ತೇವೆ. ಅವರಿಗೆ ಅದು ಶುದ್ಧ ಮಧ್ಯಮ, ಮೊದಲ ತೂತನ್ನು ಅರ್ಧ ಮುಚ್ಚಿ ತೆಗೆಯುತ್ತಾರೆ. ಎರಡೂ ಒಟ್ಟಿಗೆ ಬಂದಾಗ ಕಿವಿ ಕಚ್ಚುತ್ತಿತ್ತು. ಕೊನೆಗೆ ಆ ಸ್ವರದಲ್ಲಿ ನಾವೇ ಅವರ ಅರ್ಧ ತೂತಿಗೆ ಹೋದೆವು.

ಗುಂಪಿನಲ್ಲಿ ಯಾಕೆ ಬೇಗ ಬರುತ್ತದೆ ಅಂತ ಕೇಳುತ್ತಾರೆ. ಒಬ್ಬರೇ ನುಡಿಸುವಾಗ ತಪ್ಪಿದ ಕಡೆ ನಿಲ್ಲುತ್ತೇವೆ, ಮತ್ತೆ ಮೊದಲಿನಿಂದ ಶುರು ಮಾಡುತ್ತೇವೆ, ಹಾಗಾಗಿ ಟ್ಯೂನಿನ ಮೊದಲ ಭಾಗ ನೂರು ಸಲ, ಕೊನೆಯ ಭಾಗ ಹತ್ತು ಸಲ ಆಗುತ್ತದೆ. ಜೊತೆಗಿದ್ದರೆ ಟ್ಯೂನ್ ನಮಗಾಗಿ ನಿಲ್ಲುವುದಿಲ್ಲ. ಉಸಿರು ಸಾಲದಾದಾಗ ಒಂದು ಸ್ವರ ಬಿಟ್ಟು ಉಸಿರೆಳೆದುಕೊಂಡು ಮತ್ತೆ ಸೇರಬಹುದು, ಹಾಡು ತುಂಡಾಗುವುದಿಲ್ಲ. ಎಲ್ಲಿ ಬಿಡಬೇಕು ಅನ್ನುವುದೇ ಈ ವಾದ್ಯದ ಅರ್ಧ ವಿದ್ಯೆ ಅಲ್ವಾ. ಪಕ್ಕದವರು ಉಸಿರೆಳೆಯುವ ಜಾಗ ಬಿಟ್ಟು ನಾನು ಬೇರೆ ಜಾಗ ಆರಿಸಿಕೊಳ್ಳಬೇಕಾಯಿತು. ಆ ಅಭ್ಯಾಸದಿಂದಲೇ ನನಗೆ ಟ್ಯೂನಿನ ಒಳಗಿನ ಕಟ್ಟಡ ಕಂಡಿತು. ನಮ್ಮ ನಿಯಮ ಒಂದೇ. 32 ಬಾರ್ (ತಾಳದ ಆವರ್ತನ) ಇರುವ ಟ್ಯೂನನ್ನು ಮೂರು ಸಲ ಸುತ್ತುತ್ತೇವೆ. ಮೊದಲ ಸುತ್ತಿನಲ್ಲಿ ಗೊತ್ತಿರುವ ಸ್ವರ ಮಾತ್ರ ನುಡಿಸಬೇಕು, ಮಿಕ್ಕಲ್ಲಿ ಸುಮ್ನೆ ಬೆರಳಾಡಿಸಬೇಕು. ಎರಡೇ ಸ್ವರ ಗೊತ್ತಿದ್ದವರೂ ಮೊದಲ ದಿನದಿಂದಲೇ ಹೀಗೆ ಒಳಗಿರುತ್ತಾರೆ. ಇದನ್ನು ನೋಡಿ ನಕ್ಕವರಿದ್ದರು. ಅಂಥ ಎರಡು ಸ್ವರದವರು ಆರೇಳು ತಿಂಗಳಿಗೆ ಜಿಗ್ ಅನ್ನುವ ಕುಣಿತದ ಟ್ಯೂನ್ ಪೂರ್ತಿ ನುಡಿಸಿದಾಗ ನನಗೆ ಆದ ಹೆಮ್ಮೆ ಸಣ್ಣದಲ್ಲ.

ಮನೆಯ ಸಾಧನೆ ತೀರಾ ಕಡಿಮೆ. ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಆದರೆ ಐದು, ರಾತ್ರಿ ಹತ್ತು. ಡಿ ಡ್ರೋನ್ (ತಂಬೂರಿಯ ಹಾಗೆ ಒಂದೇ ಸಮನೆ ಮೊಳಗುವ ಶ್ರುತಿ) ಹಾಕಿಕೊಂಡು ಕೆಳಗಿನ ಸ್ಥಾಯಿಯ ಉದ್ದ ಸ್ವರಗಳು, ಅಷ್ಟೇ. ಮೇಲಿನ ಸ್ಥಾಯಿ ಬೇರೆಯಾಗಿ ಮಾಡಲೇ ಇಲ್ಲ, ಕೆಳಗಿನದು ಗಟ್ಟಿಯಾದ ಮೇಲೆ ತಾನಾಗಿ ಬಂತು. ಹೊಸ ಮರದ ಫ್ಲೂಟ್ ಬಂದಾಗಲೂ ಇದೇ ಕ್ರಮ ಅನುಕೂಲವಾಯಿತು. ಮೊದಲ ಕೆಲವು ವಾರ ಅದನ್ನು ಒಂದೇ ಸಮನೆ ಜಾಸ್ತಿ ಹೊತ್ತು ಊದಬಾರದು, ಮರಕ್ಕೆ ತೇವ ನಿಧಾನವಾಗಿ ಒಗ್ಗಬೇಕು.

ಪೆಟ್ಟಿಗೆಯಲ್ಲಿ ತೇವ ಕಾಯಲು ತೂತು ಹೊಡೆದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜಿಟ್ಟೆ. ಶೇಕಡಾ 45ರಿಂದ 60ರೊಳಗೆ ಚೆನ್ನಾಗಿ ನಿಂತಿತು. ಕಿತ್ತಳೆ ಸಿಪ್ಪೆ ಇಡುವ ಹಳೆಯ ಉಪಾಯವನ್ನೂ ನೋಡಿದೆ, ಬೂಸು ಬಂತು, ಬಿಸಾಡಿದೆ. ತಲೆಭಾಗದ ಒಳಗಿನ ಬಿರಡೆಯ ಜಾಗವನ್ನೂ ಪ್ರಯೋಗ ಮಾಡಿ ನೋಡಿದೆ. ಊದುವ ತೂತಿನ ನಡುವಿನಿಂದ ಸುಮಾರು 19 ಮಿಲಿಮೀಟರ್ ಅನ್ನುವುದು ರೂಢಿ. ನನ್ನದರಲ್ಲಿ ಮೇಲಿನ ಸ್ವರಗಳು ಇಳಿದು ಕೇಳುತ್ತಿದ್ದವು. ಬಿರಡೆಯನ್ನು ತೂತಿನ ಕಡೆ ಕೂದಲೆಳೆಯಷ್ಟು ತಳ್ಳಿದೆ, ಸರಿಹೋಯಿತು. ಎಷ್ಟು ತಳ್ಳಿದೆ ಅನ್ನುವುದು ನನ್ನ ಫ್ಲೂಟಿನ ಅಳತೆ, ನಿಮ್ಮದಕ್ಕೆ ಅದು ಬರುವುದಿಲ್ಲ. ಟ್ಯೂನರ್ ಇಟ್ಟುಕೊಂಡು ನೀವೇ ನೋಡಿ. ಅದಕ್ಕೂ ಮೊದಲು ಐದು ನಿಮಿಷ ಊದಿ ವಾದ್ಯ ಬಿಸಿ ಮಾಡಿಕೊಳ್ಳಿ. ತಣ್ಣಗಿದ್ದಾಗ ಎಲ್ಲ ಸ್ವರವೂ ಇಳಿದೇ ಇರುತ್ತದೆ.

ಈಗ ಕೈ ಹಾಕಿರುವುದು ಎಫ್ ನ್ಯಾಚುರಲ್‌ಗೆ. ನನ್ನ ಮರದ್ದಕ್ಕೆ ಕೀಲಿ ಇಲ್ಲ. ಐದನೇ ತೂತನ್ನು ಅರ್ಧ ಮುಚ್ಚಬೇಕು. ಬಾನ್ಸುರಿಯವರಿಗೆ ಅದು ಕೋಮಲ ನಿಷಾದ, ನಿದ್ದೆಯಲ್ಲೂ ತೆಗೆಯುತ್ತಾರೆ. ಬೆರಳನ್ನು ಎತ್ತಬೇಡಿ, ಹೊರಳಿಸಿ ಅಂತ ಅವರು ತೋರಿಸಿಕೊಟ್ಟರು. ನಿಧಾನದ ಟ್ಯೂನುಗಳಲ್ಲಿ ಈಗ ಸ್ವಚ್ಛವಾಗಿ ಬರುತ್ತದೆ. ರೀಲ್ ಅನ್ನುವ ವೇಗದ ಕುಣಿತದ ಟ್ಯೂನಿನಲ್ಲಿ ಇನ್ನೂ ಜಾರುತ್ತದೆ. ಕೀಲಿ ಹಾಕಿಸಲು ತಯಾರಕರನ್ನು ಕೇಳಿದೆ, ಹೇಳಿದ ಮೊತ್ತಕ್ಕೆ ಇನ್ನೂ ಹತ್ತು ಜನರಿಗೆ ವಿಷಲ್ ಕೊಡಿಸಬಹುದು. ಸದ್ಯಕ್ಕೆ ಬೆರಳಿಗೇ ಕಲಿಸುತ್ತಿದ್ದೇನೆ.