ಒಮ್ನಿಯ ಹೆಡ್‌ನಲ್ಲಿ ಮುರಿದ ಪ್ಲಗ್ ತೆಗೆದ ಬಗೆ, ಹೊಸದನ್ನು ಆರಿಸಿದ ಲೆಕ್ಕ

ಸ್ಪಾರ್ಕ್ ಪ್ಲಗ್ ಬಿಚ್ಚುವಾಗ ಮುರಿದರೆ ನಾವು ಬಿಚ್ಚಿದವನ ಕೈಯನ್ನು ಬೈಯುತ್ತೇವೆ. ಆದರೆ ಹೆಚ್ಚಿನ ಸಲ ತಪ್ಪು ನಡೆದಿರುವುದು ಅದನ್ನು ಹಿಂದೆ ಕೂರಿಸಿದ ದಿನ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನನ್ನ ಮಾರುತಿ ಒಮ್ನಿ, ಬೆಳಗಾವಿಯಿಂದ ಖಾನಾಪುರದ ಕಡೆ ಹೋಗುವಾಗ ಏರಿನಲ್ಲಿ ಮಿಸ್ ಹೊಡೆಯುತ್ತಿತ್ತು; ಎಲ್‌ಪಿಜಿಯಲ್ಲಿ ಓಡಿಸಿದಾಗ ಇನ್ನೂ ಜಾಸ್ತಿ. ಪೆಟ್ರೋಲಿಗಿಂತ ಗ್ಯಾಸಿಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಸವೆದ ಪ್ಲಗ್ ಮೊದಲು ಕೈಕೊಡುವುದು ಗ್ಯಾಸಿನ ಮೇಲೆಯೇ. ಆದ್ದರಿಂದ ಮೂರೂ ಪ್ಲಗ್ ಬದಲಿಸಲು ನಿರ್ಧರಿಸಿದೆ.

ಒಮ್ನಿಯ 796 ಸಿಸಿ ಎಂಜಿನ್ ಮುಂದಿನ ಸೀಟುಗಳ ಕೆಳಗಿದೆ. ಸೀಟು ಎತ್ತಿದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ, ಆದರೆ ಪಾನಾ ಪೂರ್ತಿ ತಿರುಗುವಷ್ಟು ಸಿಗುವುದಿಲ್ಲ. ಕೆಳಗಿನಿಂದ ರಸ್ತೆಯ ನೀರು, ಕೆಂಪು ಕೆಸರು ನೇರವಾಗಿ ಸಿಡಿಯುವ ಜಾಗವಾದ್ದರಿಂದ ನಮ್ಮ ಕಡೆಯ ಮಳೆಗಾಲಗಳನ್ನು ಕಂಡ ಒಮ್ನಿಗಳಲ್ಲಿ ಪ್ಲಗ್ಗಿನ ಬುಡಕ್ಕೆ ತುಕ್ಕು ಹಿಡಿಯುವುದು ಸಾಮಾನ್ಯ. ಮೊದಲ ಎರಡು ಪ್ಲಗ್‌ಗಳು ಕಿರುಗುಟ್ಟುತ್ತ ಬಂದವು. ಮೂರನೆಯದು ಕಾಲು ಸುತ್ತು ಬಂದು ಬಿಗಿಯಿತು, ಆಮೇಲೆ ಒಮ್ಮೆಗೇ ಹಗುರಾಯಿತು. ಪಾನಾದೊಳಗೆ ಸಿಕ್ಕಿದ್ದು ಷಟ್ಕೋನದ ತಲೆ ಮತ್ತು ಮೇಲಿನ ಪಿಂಗಾಣಿ ಮಾತ್ರ. ಥ್ರೆಡ್ ಇರುವ ಉಕ್ಕಿನ ಕೊಳವೆ, ಅದರ ನಡುವೆ ಸೀಳು ಬಿಟ್ಟ ಪಿಂಗಾಣಿಯ ತುಂಡಿನೊಂದಿಗೆ, ಹೆಡ್‌ನಲ್ಲೇ (ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಅಲ್ಯುಮಿನಿಯಂ ಭಾಗ) ಉಳಿಯಿತು.

ಈ ಹಂತದಲ್ಲಿ ಕೊಳವೆಗಿಂತ ಪಿಂಗಾಣಿಯ ಚಿಂತೆಯೇ ದೊಡ್ಡದು. ಪ್ಲಗ್ಗಿನ ಪಿಂಗಾಣಿ ಅಲ್ಯುಮಿನಾದಿಂದ ಮಾಡಿದ್ದು. ಸಿಲಿಂಡರಿನ ಎರಕದ ಕಬ್ಬಿಣಕ್ಕಿಂತ ಬಹಳ ಗಟ್ಟಿ. ಅಕ್ಕಿಕಾಳಿನಷ್ಟು ಚೂರು ಒಳಗೆ ಬಿದ್ದರೂ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಗೀರಬಹುದು, ಇಲ್ಲವೇ ವಾಲ್ವ್ ಸೀಟಿನಲ್ಲಿ ಸಿಕ್ಕಿ ಕಂಪ್ರೆಷನ್ ಕೆಡಿಸಬಹುದು. ಅಯಸ್ಕಾಂತ ಅದನ್ನು ಎತ್ತುವುದಿಲ್ಲ. ಆದಕಾರಣ ಮೊದಲು ಬ್ಯಾಟರಿಯ ಟರ್ಮಿನಲ್ ಬಿಚ್ಚಿ, ಗ್ಯಾಸಿನ ಕಾಕ್ ಮುಚ್ಚಿ, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಮೂರನೆಯ ಸಿಲಿಂಡರನ್ನು ಎರಡೂ ವಾಲ್ವ್ ಮುಚ್ಚಿರುವ ಸ್ಥಿತಿಗೆ ತಂದು, ಹತ್ಯಾರ ಪಿಸ್ಟನ್ನಿಗೆ ತಗಲದಂತೆ ಅದನ್ನು ಮೇಲ್ತುದಿಯಿಂದ ತುಸು ಕೆಳಗಿಳಿಸಿದೆ. ನಂತರ ಕುಳಿಯ ಸುತ್ತಲಿನ ಮಣ್ಣನ್ನು ಗಾಳಿಯಿಂದ ಊದಿ ತೆಗೆದು, ಪಿಂಗಾಣಿಯ ತುಂಡನ್ನು ಉದ್ದ ಮೂತಿಯ ಇಕ್ಕಳದಿಂದ ಅಲುಗಾಡಿಸದೆ ನೇರವಾಗಿ ಮೇಲಕ್ಕೆ ಎಳೆದೆ. ಅದು ಒಂದೇ ತುಂಡಾಗಿ ಬಂದಿತು. ಬಾರದಿದ್ದರೆ ಒಡೆಯಲು ಹೋಗದೆ ಹೆಡ್ ಬಿಚ್ಚುವುದೇ ಲೇಸೆಂದು ನನ್ನ ಅಭಿಪ್ರಾಯ. ಬೋರ್ ಕೆಲಸದ ಖರ್ಚಿನ ಮುಂದೆ ಹೆಡ್ ಗ್ಯಾಸ್ಕೆಟ್ಟಿನ ಖರ್ಚು ಏನೂ ಅಲ್ಲ.

ಕೊಳವೆಯ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಮಾರನೆಯ ದಿನ ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡಿರುವ ಪರಿಚಯದ ಹಿರಿಯರೊಬ್ಬರ ಹತ್ತಿರ ಈಜಿ ಔಟ್, ಅಂದರೆ ಮುರಿದ ತುಂಡಿನೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಹತ್ಯಾರ, ತರಲು ಹೋದೆ. ಅವರು ಸುರುಳಿ ಹಲ್ಲಿನದನ್ನು ಬದಿಗಿಟ್ಟು, ಚೌಕ ಮೈಯ, ತುದಿಗೆ ಸಪೂರವಾಗುವ ಈಜಿ ಔಟ್ ಕೈಗಿತ್ತು, "ಸುರುಳಿದ ಬ್ಯಾಡ್ರಿ, ಅದು ಕೊಳವಿ ಹಿಗ್ಗಸ್ತೈತಿ. ಇದನ್ನ ಸಾವಕಾಶ ತಿರುವ್ರಿ, ಬಡಿಬ್ಯಾಡ್ರಿ" ಎಂದರು. ಕಾರಣ ಸರಳವಾಗಿದೆ. ಸುರುಳಿ ಹಲ್ಲು ಒಳಗೆ ಹೊಕ್ಕಷ್ಟೂ ತೆಳು ಕೊಳವೆಯನ್ನು ಹೊರಕ್ಕೆ ಒತ್ತುತ್ತದೆ, ಅದು ಅಲ್ಯುಮಿನಿಯಂ ಥ್ರೆಡ್ಡಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಚೌಕದ ಈಜಿ ಔಟ್ ನಾಲ್ಕು ಅಂಚುಗಳಲ್ಲಿ ಮಾತ್ರ ಹಿಡಿಯುತ್ತದೆ. ಅದನ್ನು ಆಳಕ್ಕೆ ಇಳಿಸದಿರುವುದೂ ಮುಖ್ಯ, ಏಕೆಂದರೆ ಕೊಳವೆಯ ಕೆಳತುದಿಗೆ ಅಂಟಿಕೊಂಡಿರುವ ಬಾಗಿದ ಎಲೆಕ್ಟ್ರೋಡಿಗೆ ತಾಗಿದರೆ ಅದು ಮುರಿದು ಒಳಗೆ ಬೀಳುತ್ತದೆ.

ಬಿಸಿ ಮಾಡುವುದರ ಬಗ್ಗೆ ಒಂದು ಮಾತು. ಇಡೀ ಪ್ಲಗ್ಗನ್ನು ಕಾದ ಎಂಜಿನ್ನಿನಿಂದ ಬಿಚ್ಚಬಾರದು. ಕಾದ ಅಲ್ಯುಮಿನಿಯಂ ಮೆತ್ತಗಾಗಿರುವುದರಿಂದ ಥ್ರೆಡ್ ಕಿತ್ತು ಬರುತ್ತದೆ. ಆದರೆ ಒಂದೇ ಪ್ರಮಾಣದ ಬಿಸಿಗೆ ಅಲ್ಯುಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಸಿಕ್ಕಿಬಿದ್ದ ಕೊಳವೆಗೆ ಹೆಡ್ ಹದವಾಗಿ ಬೆಚ್ಚಗಿರುವುದು ಅನುಕೂಲ. ಎಣ್ಣೆಯನ್ನೆಲ್ಲ ಒರೆಸಿ, ಹಾಟ್ ಏರ್ ಗನ್‌ನಿಂದ ಕುಳಿಯ ಸುತ್ತ, ಕೈ ಇಟ್ಟರೆ ತಡೆಯಲಾಗದಷ್ಟು ಮಾತ್ರ ಕಾಯಿಸಿದೆ. ಪೆಟ್ರೋಲ್ ಮತ್ತು ಗ್ಯಾಸಿನ ಪೈಪು ಹಾದುಹೋಗುವ ಗಾಡಿಯಲ್ಲಿ ಬೆಂಕಿಯ ಟಾರ್ಚ್ ಹಚ್ಚುವ ಮಿಸ್ತ್ರಿಯನ್ನು ಹತ್ತಿರವೂ ಬಿಟ್ಟುಕೊಳ್ಳಬಾರದು. ಈಜಿ ಔಟ್ ಕಚ್ಚಿದ ಮೇಲೆ ತುಸು ಎಡಕ್ಕೆ, ಮತ್ತೆ ತುಸು ಬಲಕ್ಕೆ ಆಡಿಸುತ್ತ ಹೋದಂತೆ ಕೊಳವೆ ಸಡಿಲಾಗಿ ಹೊರಗೆ ಬಂದಿತು.

ಅದನ್ನು ಬೆಳಕಿಗೆ ಹಿಡಿದು ನೋಡಿದಾಗ ಎಲ್ಲವೂ ತಿಳಿಯಿತು. ಮೊದಲು ಒಳಟೊಳ್ಳಾಗಿ ಉಬ್ಬಿರುವ ವಾಷರ್ ಇಲ್ಲಿ ಕಾಗದದಂತೆ ತೆಳುವಾಗಿ ಚಪ್ಪಟೆಯಾಗಿತ್ತು. ಮೇಲಿನ ಎರಡು ಸುತ್ತು ಥ್ರೆಡ್ಡಿನಲ್ಲಿ ಹೆಡ್‌ನ ಬೆಳ್ಳಿ ಬಣ್ಣದ ಲೋಹ ಅಂಟಿತ್ತು. ಹಿಂದೆ ಕೂರಿಸಿದವರು ಉದ್ದ ಟಾಮಿ ಹಾಕಿ ಬಿಗಿದಿದ್ದರ ಗುರುತು ಅದು.

ಹೆಡ್‌ನ ಥ್ರೆಡ್ ಶುದ್ಧಗೊಳಿಸಲು 14 ಮಿ.ಮೀ., 1.25 ಪಿಚ್‌ನ ಟ್ಯಾಪಿನ ಸಂದುಗಳಲ್ಲಿ ಗ್ರೀಸ್ ತುಂಬಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ನಡೆಸಿ, ನಡುನಡುವೆ ತೆಗೆದು ಒರೆಸಿದೆ. ಚೂರುಗಳು ಗ್ರೀಸಿಗೆ ಅಂಟಿ ಹೊರಗೆ ಬರುತ್ತವೆ. ಥ್ರೆಡ್ ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕಿಸಬೇಕಾಗುತ್ತಿತ್ತು, ಇಲ್ಲಿ ಬೇಕಾಗಲಿಲ್ಲ. ಕೊನೆಗೆ ಸಪೂರ ನಳಿಕೆಯಿಂದ ಸಿಲಿಂಡರಿನ ಒಳಗನ್ನು ವ್ಯಾಕ್ಯೂಮ್ ಮಾಡಿದೆ. ಆಮೇಲೆ ಬ್ಯಾಟರಿ ಜೋಡಿಸಿ, ಕಾಯಿಲ್ಲಿನ ಕನೆಕ್ಷನ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಟ್ಟು, ಒಳಗೆ ಉಳಿದ ಚೂರು ಹೊರಗೆ ಹಾರಲೆಂದು ಮೂರೂ ಕುಳಿ ತೆರೆದಿರುವಾಗಲೇ ಕೆಲವು ಕ್ಷಣ ಸೆಲ್ಫ್ ಹೊಡೆದೆ. ಆಗ ಕುಳಿಗಳ ನೇರಕ್ಕೆ ಮುಖ ಇಡಬಾರದು.

ಹೊಸ ಪ್ಲಗ್ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ "ಸಾದಾ ಬೇಕೋ, ಇರಿಡಿಯಂ ಬೇಕೋ" ಎಂದು. ಲೋಹ ಕೊನೆಗೆ ನೋಡುವ ಸಂಗತಿ. ಮೊದಲು ನೋಡಬೇಕಾದದ್ದು ಥ್ರೆಡ್ಡಿನ ಉದ್ದ. 19 ಮಿ.ಮೀ. ಬೇಕಾದ ಕಡೆ 12.7 ಮಿ.ಮೀ. ಹಾಕಿದರೆ ಹೆಡ್‌ನ ಕೆಳಗಿನ ಥ್ರೆಡ್ ಬರಿದಾಗಿ ಉಳಿದು ಕಾರ್ಬನ್ ಕಟ್ಟುತ್ತದೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಪಿಸ್ಟನ್ನಿಗೆ ತಗಲಬಹುದು. ಎರಡನೆಯದು ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎಂಬ ಅಳತೆ; ಬೇಗ ದಾಟಿಸುವುದು ತಂಪು ಪ್ಲಗ್, ನಿಧಾನವಾಗಿ ದಾಟಿಸುವುದು ಬಿಸಿ ಪ್ಲಗ್. ಇಲ್ಲಿ ಬ್ರ್ಯಾಂಡ್ ಬದಲಿಸುವವರು ಎಡವುತ್ತಾರೆ: ಎನ್‌ಜಿಕೆ ಮತ್ತು ಡೆನ್ಸೊಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪು, ನಮ್ಮಲ್ಲಿ ಹಳಬರು ಇಂದಿಗೂ ಮೈಕೋ ಎಂದೇ ಕರೆಯುವ ಬಾಷ್‌ನಲ್ಲಿ ಅಂಕಿ ಹೆಚ್ಚಿದಷ್ಟೂ ಬಿಸಿ. ಉದಾಹರಣೆಗೆ ಎನ್‌ಜಿಕೆಯ ಬಿಪಿಆರ್6ಇಎಸ್‌ನಲ್ಲಿ ಬಿ ಎಂದರೆ 14 ಮಿ.ಮೀ. ಥ್ರೆಡ್, ಪಿ ಎಂದರೆ ಮುಂದಕ್ಕೆ ಚಾಚಿದ ಪಿಂಗಾಣಿಯ ಮೂತಿ, ಆರ್ ಎಂದರೆ ರೆಸಿಸ್ಟರ್ (ಕಿಡಿಯಿಂದ ರೇಡಿಯೊದಲ್ಲಿ ಏಳುವ ಗದ್ದಲ ತಗ್ಗಿಸುವ ಒಳಭಾಗ), 6 ಹೀಟ್ ರೇಂಜ್, ಇ ಎಂದರೆ 19 ಮಿ.ಮೀ. ಉದ್ದ. ಹೆಚ್ಚು ಬಿಸಿಯ ಪ್ಲಗ್ ಕಿಡಿಗಿಂತ ಮೊದಲೇ ಇಂಧನ ಹೊತ್ತಿಸುತ್ತದೆ, ಹೆಚ್ಚು ತಂಪಿನದು ಊರೊಳಗಿನ ಓಡಾಟದಲ್ಲಿ ಮಸಿ ಹಿಡಿಯುತ್ತದೆ. ಹಾಗಾಗಿ ನಾನು ಗಾಡಿಯ ಪುಸ್ತಕದಲ್ಲಿ ಹೇಳಿದ ರೇಂಜನ್ನೇ ಉಳಿಸಿಕೊಂಡು, ಗ್ಯಾಸಿನ ಸಲುವಾಗಿ ಗ್ಯಾಪನ್ನು (ಕಿಡಿ ಹಾರುವ ಎರಡು ಎಲೆಕ್ಟ್ರೋಡುಗಳ ನಡುವಿನ ಸಂದು) ಮಾತ್ರ ಅದರಲ್ಲಿ ಹೇಳಿದ ಮಿತಿಯ ಕೆಳತುದಿಗೆ ಇಟ್ಟೆ.

ಇರಿಡಿಯಂ ಒಳ್ಳೆಯದೇ, ಸಾದಾ ನಿಕಲ್‌ಗಿಂತ ಹಲವು ಪಟ್ಟು ಬಾಳುತ್ತದೆ. ಪ್ಲಗ್ ಬಿಚ್ಚಲು ಅರ್ಧ ಎಂಜಿನ್ ಬಿಚ್ಚಬೇಕಾದ ಕಾರುಗಳಿಗೆ ನಾನು ಅದನ್ನೇ ಹೇಳುತ್ತೇನೆ. ತುಕ್ಕು ಹಿಡಿಯುವ ಒಮ್ನಿಗೆ ಬಹುಕಾಲ ಬಿಚ್ಚದೆ ಬಿಡುವ ಪ್ಲಗ್ ಬೇಡವೆಂದು ಸಾದಾ ನಿಕಲ್ ತೆಗೆದುಕೊಂಡೆ. ನಕಲಿ ಮಾಲಿನ ಭಯಕ್ಕೆ ಮಲ್ಟಿಮೀಟರ್ ಒಯ್ದಿದ್ದೆ: ರೆಸಿಸ್ಟರ್ ಪ್ಲಗ್ಗಿನ ತುದಿಯಿಂದ ತುದಿಗೆ ಸುಮಾರು 5 ಕಿಲೋಓಮ್ ತೋರಿಸಬೇಕು, ಶೂನ್ಯ ತೋರಿಸಿದರೆ ಒಳಗೆ ರೆಸಿಸ್ಟರ್ರೇ ಇಲ್ಲ.

ಕೂರಿಸುವಾಗ ಪ್ಲಗ್ಗಿನ ತಲೆಗೆ ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿದೆ. ಥ್ರೆಡ್ ಅಡ್ಡ ಹತ್ತಿದರೆ ಟ್ಯೂಬ್ ಜಾರುತ್ತದೆ, ಹೆಡ್ ಕೆಡುವುದಿಲ್ಲ. ವಾಷರ್ ಕೂತ ಮೇಲೆ ಪಾನಾದಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಟಾರ್ಕ್ ಪಾನಾದಲ್ಲಿ 25 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಹಚ್ಚಲಿಲ್ಲ. ಲೇಪನವಿರುವ ಥ್ರೆಡ್ಡಿಗೆ ಅದು ಬೇಕಾಗಿಲ್ಲ, ಹಚ್ಚಿದರೆ ಅದೇ ಟಾರ್ಕಿಗೆ ಪ್ಲಗ್ ಅಳತೆ ಮೀರಿ ಬಿಗಿಯುತ್ತದೆ. ನೀರು ಇಳಿಯದಂತೆ ವೈರಿನ ಟೊಪ್ಪಿಗೆಯ ಒಳಗೆ ಮಾತ್ರ ಸಿಲಿಕೋನ್ ಗ್ರೀಸ್ ಸವರಿದೆ.

ಈಗ ಖಾನಾಪುರದ ಏರಿನಲ್ಲಿ ಮಿಸ್ಸಿಂಗ್ ಇಲ್ಲ. ಮಳೆಗಾಲ ಮುಗಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಮೂರೂ ಪ್ಲಗ್ ಬಿಚ್ಚಿ ಗ್ಯಾಪ್ ನೋಡಿ ಮತ್ತೆ ಹಾಕುತ್ತೇನೆ. ಒಮ್ಮೆ ಒತ್ತಿದ ವಾಷರ್ ಆದ್ದರಿಂದ ಆಗ ಕೈಬಿಗಿಯ ಮೇಲೆ ಹನ್ನೆರಡನೆಯ ಒಂದು ಭಾಗ ಸುತ್ತು ಸಾಕು. ಗ್ಯಾಸಿನಲ್ಲಿ ಓಡುವುದರಿಂದ ಮೂತಿ ಕಂದು ಬಣ್ಣದ ಬದಲು ಬಿಳಿಚಿಕೊಂಡ ಬೂದು ಬಣ್ಣಕ್ಕಿರುತ್ತದೆ. ಪಿಂಗಾಣಿಯ ಮೇಲೆ ಗುಳ್ಳೆಗಳಿಲ್ಲದಿದ್ದರೆ ಅದಕ್ಕೆ ಗಾಬರಿಪಡಬೇಕಾಗಿಲ್ಲ.