ರಾತ್ರಿ ರೈಲಲ್ಲಿ ಚೆನ್ನಾಗಿ ನಿದ್ದೆ ಮಾಡ್ಬೇಕಾ? ಮಲಗೋಕ್ ಮುಂಚಿನ ಅರ್ಧ ಗಂಟೆ ನೋಡ್ಕೊಳ್ಳಿ

ರೈಲಲ್ಲಿ ನಂಗೆ ನಿದ್ದೆನೇ ಬರಲ್ಲ ಅನ್ನೋರನ್ನ ಎದುರು ಬರ್ತಲ್ಲಿ ಕೂತು ಎಷ್ಟೋ ಸಲ ನೋಡಿದೀನಿ. ನಿದ್ದೆ ಕೆಡಿಸೋದು ರೈಲಲ್ಲ, ಮಲಗಿದ್ಮೇಲೆ ಒಂದೊಂದೇ ನೆನಪಾಗಿ ಏಳ್ತಾರಲ್ಲ, ಅದು. ನೀರಿನ ಬಾಟ್ಲಿ ಕೆಳಗಡೆ, ಸ್ವೆಟರ್ ಸೂಟ್‌ಕೇಸಿನ ತಳದಲ್ಲಿ, ಚಾರ್ಜರ್ ಯಾವ ಬ್ಯಾಗಲ್ಲಿದೆ ಅಂತ ಗೊತ್ತಿಲ್ಲ, ಅಷ್ಟೊತ್ತಿಗೆ ಲೈಟ್ ಆರಿಸಿರ್ತಾರೆ, ಮೊಬೈಲ್ ಟಾರ್ಚ್ ಹಾಕಿ ಹುಡುಕ್ತಾ ಪಕ್ಕದೋರ ನಿದ್ದೆನೂ ಹಾಳು.

1. ತಾರೀಕು ನೋಡಿ

ರೈಲು ರಾತ್ರಿ 12 ದಾಟಿ ಹೊರಡೋದಾದ್ರೆ ಇದೇ ದೊಡ್ಡ ತಪ್ಪು. ಟಿಕೆಟ್ ಮೇಲೆ 15ನೇ ತಾರೀಕು 00:20 ಅಂತಿದ್ರೆ ನೀವು ಮನೆ ಬಿಡ್ಬೇಕಾಗಿರೋದು 14ನೇ ತಾರೀಕು ರಾತ್ರಿ. 15ರ ರಾತ್ರಿ ಲಗೇಜ್ ಸಮೇತ ಬಂದ ಒಂದು ಕುಟುಂಬನ ನೋಡಿದೀನಿ, ರೈಲೇನೋ ಬಂತು, ಅವರ ಬರ್ತಲ್ಲಿ ಬೇರೆಯವರಿದ್ರು. ಬುಕ್ ಮಾಡಿದ್ ತಕ್ಷಣ ಕ್ಯಾಲೆಂಡರಲ್ಲಿ ಹಿಂದಿನ ದಿನದ ರಾತ್ರಿಗೆ ಗುರುತು ಹಾಕ್ಬಿಡಿ.

ಟೈಮ್ ಝೋನ್ ದಾಟೋ ರೈಲಾದ್ರೆ ಟಿಕೆಟ್ಟಲ್ಲಿರೋದು ಯಾವ ಊರಿನ ಟೈಮು ಅಂತ ಕೇಳ್ಕೊಳ್ಳಿ. ರಷ್ಯಾದಲ್ಲಿ ಮಾಸ್ಕೋದಿಂದ ವ್ಲಾಡಿವೋಸ್ಟಾಕ್‌ಗೆ 9,289 ಕಿ.ಮೀ., ಎರಡೂ ಕಡೆ ಗಡಿಯಾರಕ್ಕೆ 7 ಗಂಟೆ ವ್ಯತ್ಯಾಸ, ಆದ್ರೂ 2018ರ ಆಗಸ್ಟ್‌ವರೆಗೆ ಅಲ್ಲಿನ ಟಿಕೆಟ್ಟಲ್ಲಿ ಎಲ್ಲಾ ಸ್ಟೇಷನ್ನಿಗೂ ಮಾಸ್ಕೋ ಟೈಮೇ ಇರ್ತಿತ್ತು, ಈಗ ಆಯಾ ಊರಿನ ಟೈಮ್ ಹಾಕ್ತಾರೆ.

2. ಬರ್ತ್

ಬೋಗಿಯ ಮಧ್ಯದಲ್ಲಿ ಸಿಕ್ರೆ ಅದನ್ನೇ ತಗೊಳ್ಳಿ. ಚಕ್ರಗಳಿರೋದು ಎರಡು ತುದಿಯಲ್ಲಿ, ಬಾಗಿಲು, ಟಾಯ್ಲೆಟ್ಟು ಸಾಮಾನ್ಯವಾಗಿ ಅಲ್ಲೇ, ಅಂದ್ರೆ ಸದ್ದು, ವಾಸನೆ, ಓಡಾಟ ಎಲ್ಲಾ ಅಲ್ಲೇ. ಮೇಲಿನ ಬರ್ತು ಹಳಿಯಿಂದ ದೂರ ಇರೋದ್ರಿಂದ ಅಕ್ಕಪಕ್ಕ ಜಾಸ್ತಿ ತೂಗುತ್ತೆ, ಹೊಟ್ಟೆ ತೊಳಸೋರು ಕೆಳಗಡೆನೇ ಇರ್ಲಿ. ಆದ್ರೆ ಮಂಡಿ ನೋವಿಲ್ಲ, ತೂಗಾಟ ತಡ್ಕೋತೀನಿ ಅನ್ನೋರಿಗೆ ನನ್ನ ಸಲಹೆ ಯಾವಾಗ್ಲೂ ಅಪ್ಪರೇ, ಯಾರೂ ಬಂದು ನಿಮ್ಮ ಕಾಲ ಹತ್ರ ಕೂರಲ್ಲ, ಯಾವಾಗ ಬೇಕೋ ಆಗ ಮಲಗಬಹುದು. ರೈಲು ಹೋಗೋ ದಿಕ್ಕಿಗೆ ತಲೆ ಇರ್ಬೇಕಾ ಕಾಲು ಇರ್ಬೇಕಾ ಅಂತ ತಲೆ ಕೆಡಿಸ್ಕೋಬೇಡಿ, ಎಷ್ಟೋ ರೈಲು ಮಧ್ಯರಾತ್ರಿ ಯಾವುದೋ ಜಂಕ್ಷನ್ನಲ್ಲಿ ಇಂಜಿನ್ ಬದಲಾಯಿಸಿ ಉಲ್ಟಾ ಹೊರಡುತ್ತೆ.

ಇನ್ನೊಂದು, ಕೆಲವು ರಾತ್ರಿ ರೈಲು ದಾರಿಯಲ್ಲಿ ಎರಡಾಗಿ ಬೇರೆಬೇರೆ ಊರಿಗೆ ಹೋಗುತ್ತೆ. ಖಾಲಿ ಇದೆ ಅಂತ ಬೇರೆ ಬೋಗಿಯಲ್ಲಿ ಹೋಗಿ ಮಲಗ್ಬೇಡಿ.

3. ಟೀ ಕಾಫಿ

ಸಂಜೆ ನಾಲ್ಕಕ್ಕೇ ಕೊನೆ. ಕುಡಿದ ಕೆಫೀನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಆದ್ಮೇಲೂ ಮೈಯಲ್ಲೇ ಇರುತ್ತೆ.

4. ಲೈಟ್ ಆರಿಸೋಕ್ ಮುಂಚೆ

ಮೊದಲು ದೊಡ್ಡ ಬ್ಯಾಗ್ ಕೆಳಗೆ ಚೈನ್ ಹಾಕಿ ಬೀಗ ಹಾಕಿ, ಆಮೇಲೆ ಅದನ್ನ ಬೆಳಗಿನವರೆಗೂ ಮುಟ್ಟೋ ಹಾಗಿರ್ಬಾರ್ದು. ರಾತ್ರಿಗೆ ಬೇಕಾಗಿದ್ದೆಲ್ಲಾ ಒಂದು ಚಿಕ್ಕ ಬಟ್ಟೆ ಚೀಲಕ್ಕೆ ಮನೆಯಲ್ಲೇ ತುಂಬಿಟ್ಟಿರಿ: ನೀರು, ಸ್ವೆಟರ್, ಸಾಕ್ಸ್, ಮಾತ್ರೆ, ಟಿಶ್ಯೂ, ಕಣ್ಣಿನ ಪಟ್ಟಿ, ಇಯರ್ ಪ್ಲಗ್. ದುಡ್ಡು, ಗುರುತಿನ ಚೀಟಿ, ಫೋನ್ ಸೊಂಟದ ಪೌಚಲ್ಲಿ, ಅದು ಗೋಡೆ ಕಡೆಗೆ ಬರೋ ಹಾಗೆ ಮಲಗಿ. ಫೋನನ್ನ ಸಾಕೆಟ್ಟಿಗೆ ನೇತುಹಾಕಿ ಮಲಗೋದು ಬೇಡ, ಪವರ್ ಬ್ಯಾಂಕ್ ಇಟ್ಕೊಳ್ಳಿ.

ಸ್ವೆಟರ್ ಯಾಕೆ ಅಂತೀರಾ? ಹತ್ತೋವಾಗ ಸೆಖೆ ಇರುತ್ತೆ ಅಂತ ಎಲ್ಲರೂ ಒಳಗಡೆ ಇಟ್ಬಿಡ್ತಾರೆ, ಆದ್ರೆ ನಿದ್ದೆಯಲ್ಲಿ ಮೈ ಬಿಸಿ ಇಳೀತಾ ಹೋಗಿ ಬೆಳಗಿನ ಜಾವ ತೀರಾ ಕಮ್ಮಿ ಆಗುತ್ತೆ, ಎಸಿ ಮಾತ್ರ ಅಷ್ಟೇ ಜೋರಾಗಿರುತ್ತೆ. ನಾಲ್ಕು ಗಂಟೆಗೆ ಚಳಿಯಾಗಿ ಎದ್ದರೆ ಮತ್ತೆ ನಿದ್ದೆ ಹತ್ತೋದು ಕಷ್ಟ. ಸಾಕ್ಸಂತೂ ಮಲಗೋವಾಗ್ಲೇ ಹಾಕ್ಕೊಳ್ಳಿ, ಪಾದ ಬೆಚ್ಚಗಿದ್ರೆ ನಿದ್ದೆ ಬೇಗ ಬರುತ್ತೆ.

ಗಾಳಿ ತುಂಬೋ ಕುತ್ತಿಗೆ ದಿಂಬು ದಯವಿಟ್ಟು ತಗೋಬೇಡಿ, ಕೂತು ಮಲಗೋರಿಗೆ ಸರಿ, ಬರ್ತಲ್ಲಿ ಅದು ಕತ್ತನ್ನ ಮುಂದಕ್ಕೆ ತಳ್ಳುತ್ತೆ. ಒಂದು ಟವೆಲ್ ಮಡಿಸಿಟ್ರೆ ಅದಕ್ಕಿಂತ ಚೆನ್ನಾಗಿರುತ್ತೆ.

5. ಇಯರ್ ಪ್ಲಗ್

ಇಲ್ಲೇ ಹತ್ತಕ್ಕೆ ಒಂಬತ್ತು ಜನ ತಪ್ಪು ಮಾಡೋದು. ಸ್ಪಂಜಿನ ಪ್ಲಗ್ ತಗೊಂಡು ಕಿವಿ ಬಾಯಿಗೆ ಬೂಚು ಒತ್ತಿದ ಹಾಗೆ ಒತ್ತಿ, ಏನೂ ಪ್ರಯೋಜನ ಇಲ್ಲ ಅಂತ ಬಿಸಾಕ್ತಾರೆ. ಹಾಗಲ್ಲ. ಕೈ ತೊಳೆದು ಪ್ಲಗ್ಗನ್ನ ಬೆರಳುಗಳ ನಡುವೆ ಹೊಸೀತಾ ಹೋಗಿ, ಸುಕ್ಕಿಲ್ಲದೆ ಬತ್ತಿ ಥರ ಸಣ್ಣ ಆಗ್ಬೇಕು. ಬಲಗಿವಿಗೆ ಹಾಕೋದಾದ್ರೆ ಎಡಗೈಯನ್ನ ತಲೆ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೀರಿ, ಕಿವಿಯ ಒಳದಾರಿ ವಕ್ರವಾಗಿರುತ್ತೆ, ಹೀಗೆ ಎಳೆದಾಗ ನೆಟ್ಟಗಾಗುತ್ತೆ. ತಕ್ಷಣ ಪ್ಲಗ್ ಒಳಗೆ ಜಾರಿಸಿ ಬೆರಳಿಂದ ಹಿಡ್ಕೊಂಡೇ ಮೂವತ್ತು ಎಣಿಸಿ, ಬೇಗ ಬಿಟ್ರೆ ಉಬ್ತಾ ಉಬ್ತಾ ಹೊರಗೆ ಬರುತ್ತೆ. ನಿಮ್ಮ ಮಾತು ನಿಮಗೇ ಕೊಡದೊಳಗಿಂದ ಬಂದ ಹಾಗೆ ಕೇಳಿದ್ರೆ ಸರಿಯಾಗಿ ಕೂತಿದೆ ಅಂತ. ಬೆಳಗ್ಗೆ ತಿರುಗಿಸ್ತಾ ನಿಧಾನಕ್ಕೆ ತೆಗೀರಿ. ಕಿವಿ ಸೋರ್ತಿದ್ರೆ, ನೋವಿದ್ರೆ ಹಾಕ್ಲೇಬೇಡಿ.

ಇಷ್ಟೆಲ್ಲಾ ಮಾಡಿದ್ರೂ ನಿದ್ದೆ ಸ್ವಲ್ಪ ತೆಳುವಾಗೇ ಇರುತ್ತೆ, ಗಾಬರಿ ಬೇಡ. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಕಮ್ಮಿ ಆಳವಾಗಿ ಮಲಗಿ ಕಾವಲು ಕಾಯುತ್ತೆ ಅಂತ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದಾರೆ. ಮಧ್ಯದಲ್ಲಿ ಎಚ್ಚರ ಆದ್ರೆ ಫೋನ್ ತೆಗೆದು ಟೈಮ್ ನೋಡ್ಬೇಡಿ, ಕಣ್ಣು ಮುಚ್ಕೊಂಡೇ ಇರಿ.

6. ಇಳಿಯೋದು

ಇಳಿಯೋ ಟೈಮಿಗಿಂತ 45 ನಿಮಿಷ ಮುಂಚೆ ಅಲಾರಂ ಇಡಿ. ಪ್ಲಗ್ ಹಾಕಿರೋದ್ರಿಂದ ಸದ್ದು ನಂಬ್ಬೇಡಿ, ಫೋನ್ ವೈಬ್ರೇಟ್‌ಗೆ ಹಾಕಿ ಮೈಗೆ ತಾಗೋ ಹಾಗೆ ಇಟ್ಕೊಳ್ಳಿ. ಅಲಾರಂ ಆದ್ಮೇಲೆ ರೈಲು ಎಲ್ಲಿದೆ ನೋಡಿ, ಒಂದು ಗಂಟೆ ಲೇಟಿದ್ರೆ ಇನ್ನೊಂದು ಅಲಾರಂ ಇಟ್ಟು ಮಲಗಿ, ಹಾಗೇ ಕಣ್ಣು ಮುಚ್ಬೇಡಿ, ಸ್ಟೇಷನ್ ತಪ್ಪಿಸ್ಕೊಳ್ಳೋರೆಲ್ಲಾ ತಪ್ಪಿಸ್ಕೊಳ್ಳೋದು ಈ ಎರಡನೇ ನಿದ್ದೆಯಲ್ಲಿ. ಮೇಲಿನ ಬರ್ತಿಂದ ಮುಖ ಏಣಿ ಕಡೆಗೇ ಮಾಡಿ ಇಳೀರಿ, ಮಂಪರಲ್ಲಿ ಏಣಿಗೆ ಬೆನ್ನು ಕೊಟ್ಟು ಇಳಿದ್ರೆ ಕಾಲು ಜಾರುತ್ತೆ. ಬೀಗ ತೆಗೆದು ಚೈನ್ ಒಳಗೆ ಹಾಕಿ, ಹೊದಿಕೆ ಒಂದ್ಸಲ ಕೊಡವಿ ನೋಡಿ, ಕನ್ನಡಕ, ಚಾರ್ಜರ್ ಉಳಿಯೋದು ಅದರ ಮಡಿಕೆಯಲ್ಲೇ.