ನಲವತ್ತು ದಾಟಿದ ಗೇಮ್ ಪ್ರಿಯರಿಗೆ

ಹುಬ್ಬಳ್ಳಿ ಓಣಿಯಾಗ ಕ್ಯಾಸೆಟ್ ಬಾಡಿಗಿ ತಂದು, ಊದಿ ಹಾಕಿ ಮಾರಿಯೋ ಆಡಿದವರಿಗೆಲ್ಲಾ ಈಗ ಚಾಳೀಸು ಬಂದಿರತೈತಿ. ಅದಕ್ಕಂತ ಆಟ ಬಿಡಬ್ಯಾಡ್ರಿ. ಬರೇ ಓದೂ ಚಾಳೀಸು ಹಾಕ್ಕೊಂಡು ಟಿವಿ ಮುಂದ ಕುಂದರಬ್ಯಾಡ್ರಿ. ಅದು ಕೈಯಾಗಿನ ಪುಸ್ತಕಕ್ಕ ಮಾಡಿದ್ದು, ಆರಡಿ ದೂರದ ಪರದೆ ಮಸುಕಾಗತೈತಿ. ಟೇಪ್ ಹಿಡಿದು ಪರದೆ ಎಷ್ಟು ದೂರ ಐತಿ ಅಂತ ಅಳದು ಕಣ್ಣಿನ ಡಾಕ್ಟರಿಗೆ ಹೇಳ್ರಿ. ನಾ ಹಂಗ ಮಾಡಿದ ಮ್ಯಾಲೇನ ತಲಿನೋವು ನಿಂತಿದ್ದು. ಭಾಳ ಆಟದಾಗ ಸೆಟ್ಟಿಂಗ್ಸ್ ಒಳಗ ಆ್ಯಕ್ಸೆಸಿಬಿಲಿಟಿ, ಅಂದ್ರ ನೋಡಾಕ ಆಡಾಕ ಸುಲಭ ಮಾಡೂ ಆಯ್ಕೆಗಳು, ಅಂತ ಇರತೈತಿ. ಅಲ್ಲಿ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡ್ರಿ. ಗುಂಡಿ ಪದೇ ಪದೇ ಒತ್ತೂ ಬದಲಿ ಒತ್ತಿ ಹಿಡಿಯೂದು ಇದ್ರ ಅದನ್ನ ಆರಿಸ್ರಿ, ಹೆಬ್ಬೆರಳಿನ ಬುಡಕ್ಕ ಆರಾಮ. 20 ನಿಮಿಷಕ್ಕೊಮ್ಮಿ, 20 ಸೆಕೆಂಡ್, 20 ಅಡಿ ಆಚಿ ನೋಡ್ರಿ. ನಮ್ಮ ಮಾಳಿಗಿಯಿಂದ ಉಣಕಲ್ ಕೆರಿ ಕಾಣತೈತಿ, ನಾ ಅದನ್ನ ನೋಡ್ತೇನಿ.